ಎಚ್ಚರದಲ್ಲಿ ತೆಗೆದ ಚಿತ್ರ

ಎಂಆರ್‌ಐ ಯಂತ್ರದೊಳಗೆ ಮಲಗಿದವರು ಗೊರಕೆ ಹೊಡೆಯಲು ಶುರು ಮಾಡಿದರೆ ಕೂಡಲೇ ಎಬ್ಬಿಸಬೇಕು. ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ಇದನ್ನು ಕಲಿತಿದ್ದೆ. ನಿದ್ದೆಯಲ್ಲಿ ತಲೆ ಅಲುಗುತ್ತದೆ, ತಲೆ ಅಲುಗಿದರೆ ಚಿತ್ರ ಮಸುಕಾಗುತ್ತದೆ, ಮಸುಕಾದರೆ ಅಷ್ಟೂ ಕೆಲಸವನ್ನು ಮತ್ತೆ ಮಾಡಬೇಕು, ಹೊರಗೆ ಕಾದವರು ಗೊಣಗುತ್ತಾರೆ. ಹಾಗಾಗಿ ಗಾಜಿನ ಈಚೆ ಕೂತ ನನ್ನ ಎಡಗೈ ಸದಾ ಮೈಕಿನ ಗುಂಡಿಯ ಹತ್ತಿರವೇ ಇರುತ್ತಿತ್ತು. ‘ಕಣ್ಣು ಬಿಡಿ, ನಿದ್ದೆ ಮಾಡಬೇಡಿ’ ಎಂಬುದನ್ನು ಕನ್ನಡ, ತಮಿಳು, ಉರ್ದು ಮೂರರಲ್ಲೂ ಯೋಚಿಸದೆ ಹೇಳಬಲ್ಲೆ. ಹಲಸೂರಿನ ನಮ್ಮ ಸ್ಕ್ಯಾನಿಂಗ್ ಸೆಂಟರಿನಲ್ಲಿ ಆರು ವರ್ಷ ಹೀಗೆ ಜನರನ್ನು ಎಬ್ಬಿಸಿದ್ದೆ. ಅದರಿಂದ ಯಾರಿಗಾದರೂ ಕೆಡುಕಾದೀತೆಂದು ನನಗೆ ಹೊಳೆದಿರಲಿಲ್ಲ. 2004ರ ಜುಲೈ ತಿಂಗಳ ಒಂದು ಶುಕ್ರವಾರ ಭೀಮಬಾಯಿ ಎಂಬ ಹೆಂಗಸು ಬಂದು, ಗಂಡನ ರಿಪೋರ್ಟಿನ ಕವರನ್ನು ನನ್ನ ಮೇಜಿನ ಮೇಲಿಟ್ಟು, "ಇದು ಸುಳ್ಳದ್ರಿ ಅಕ್ಕಾರ" ಎಂದರು.

ನನಗೆ ಅವರ ಗುರುತು ಸಿಕ್ಕಿತು. ಎರಡು ದಿನದ ಹಿಂದೆ, ಬುಧವಾರ, ಅವರ ಗಂಡ ಅಂಬಣ್ಣನ ಗಂಟಲಿನ ಸ್ಕ್ಯಾನ್ ಮಾಡಿದ್ದು ನಾನೇ. ಯಾದಗಿರಿ ಕಡೆಯವರು, ಮರ್ಫಿ ಟೌನಿನಲ್ಲಿ ಬಾಡಿಗೆಯ ಒಂದು ಕೋಣೆ. ಅಂಬಣ್ಣ ಗರುಡಾಚಾರ್‌ಪಾಳ್ಯದ ಒಂದು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುತ್ತಾನೆ. ಛಾವಣಿಯ ಕೆಳಗೆ ಹಳಿಯ ಮೇಲೆ ಚಲಿಸುವ ಕ್ರೇನಿನ ಗೂಡಿನಲ್ಲಿ ಕೂತು ಕಬ್ಬಿಣದ ತಗಡಿನ ಕಟ್ಟುಗಳನ್ನು ಎತ್ತಿ ಇಳಿಸುವ ಕೆಲಸ.

"ಸುಳ್ಳು ಅಂದ್ರೆ ಏನಮ್ಮಾ? ಡಾಕ್ಟರು ನೋಡಿಯೇ ಬರೆದಿದ್ದಾರೆ."

"ಎಲ್ಲಾ ಸರಿ ಅದ ಅಂತ ಬರದೀರಂತ. ಕಂಪನಿ ಆಫೀಸಿನವ್ರು ಓದಿ ಹೇಳಿದ್ರು. ರೋಗ ಇಲ್ಲಂದ್ರ ಕುಡದೇ ಮಕ್ಕೊಂಡಾನ ಅಂತಾಯ್ತು ನೋಡ್ರಿ. ಮಂಗಳವಾರ ಕೆಲಸದಿಂದ ತೆಗೀತಾರಂತ."

ಹಿಂದಿನ ತಿಂಗಳು ನಡುಹಗಲಲ್ಲಿ ಅಂಬಣ್ಣ ಕ್ರೇನಿನ ಗೂಡಿನಲ್ಲೇ ನಿದ್ದೆಹೋಗಿದ್ದ. ತೂಗುತ್ತಿದ್ದ ಕಟ್ಟು ಹೋಗಿ ಕಂಬಕ್ಕೆ ಬಡಿದಿತ್ತು. ಪುಣ್ಯಕ್ಕೆ ಕೆಳಗೆ ಯಾರೂ ಇರಲಿಲ್ಲ. ಕುಡಿದಿದ್ದಾನೆ ಎಂದು ಮೇಲಿನವರು ಬರೆದರು. ಅವನು ಕುಡಿಯುವವನಲ್ಲ ಎಂದು ಹೆಂಡತಿ ಗೇಟಿನಲ್ಲಿ ನಿಂತು ಕೂಗಾಡಿದ ಮೇಲೆ ಕಾರ್ಖಾನೆಯ ವೈದ್ಯರು ಅವನನ್ನು ಶಿವಾಜಿನಗರದ ಕಿವಿ ಮೂಗು ಗಂಟಲು ತಜ್ಞೆ ಡಾಕ್ಟರ್ ಶಂಶುನ್ನೀಸಾ ಅವರ ಬಳಿಗೆ ಕಳಿಸಿದ್ದರು. ನಿದ್ದೆಯಲ್ಲಿ ಗಂಟಲು ಮುಚ್ಚಿ ಉಸಿರು ನಿಲ್ಲುವ ಕಾಯಿಲೆಯ ಅನುಮಾನ ಅವರಿಗೆ ಬಂದಿತ್ತು. ರಾತ್ರಿಯೆಲ್ಲ ನೂರಾರು ಸಲ ಉಸಿರುಗಟ್ಟಿ ಎಚ್ಚರವಾಗುವವನಿಗೆ ಹಗಲು ಕೂತಲ್ಲೇ ತೂಕಡಿಕೆ. ಗಂಟಲು ಎಲ್ಲಿ ಮುಚ್ಚುತ್ತದೆ ಎಂದು ತಿಳಿಯಲು ಅವರು ನಮ್ಮಲ್ಲಿಗೆ ಬರೆದುಕೊಟ್ಟಿದ್ದರು. ನಮ್ಮ ರಿಪೋರ್ಟಿನ ಒಂದು ಪ್ರತಿ ಕಾರ್ಖಾನೆಗೂ ಹೋಗಿತ್ತು: ಶ್ವಾಸಮಾರ್ಗ ತೆರೆದಿದೆ, ಅಡ್ಡಿ ಕಂಡುಬಂದಿಲ್ಲ.

"ಇದ್ದದ್ದನ್ನ ಬರೀತಾರಮ್ಮ ನಮ್ಮ ಡಾಕ್ಟರು" ಎಂದೆ.

"ನಾ ಬಾಗಲ ಬಲ್ಲಿ ಕುಂತಿದ್ನೆಲ್ರಿ ಆವತ್ತು. ನೀವು ಅವ್ರಿಗಿ ಎಷ್ಟು ಸಲ ಎಬ್ಬಿಸಿದ್ರಿ? ನಾ ಎಣಿಸೀನಿ. ಹನ್ನೊಂದು ಸಲ." ಅವರು ಎರಡೂ ಕೈಯ ಬೆರಳು ತೋರಿಸಿ, ಮೇಲೊಂದು ಬೆರಳು ಎತ್ತಿದರು. "ಅವ್ರಿಗಿ ಉಸುರು ನಿಲ್ಲೋದು ನಿದ್ದ್ಯಾಗ. ನೀವು ಎಬ್ಬಿಸಿ ಎಬ್ಬಿಸಿ ಫೋಟೋ ತಗದೀರಿ. ಕಳ್ಳ ಹೋದ ಮ್ಯಾಲ ಮನಿ ಹೊಕ್ಕು ಹುಡುಕಿ, ಕಳ್ಳನೇ ಇಲ್ಲ ಅಂದಂಗಾತು."

ಆಗ ನಾನು ಏನೋ ಗಡುಸಾಗಿ ಹೇಳಿ ಅವರನ್ನು ಹೊರಗೆ ಕೂರಿಸಿದೆ. ಆದರೆ ಮುಂದಿನ ರೋಗಿಯ ಮೊಣಕಾಲನ್ನು ಪಟ್ಟಿಯಲ್ಲಿ ಬಿಗಿಯುವಾಗಲೂ ಆ ಹನ್ನೊಂದು ನನ್ನ ತಲೆಯಲ್ಲೇ ಇತ್ತು. ಆ ಕೆಲಸ ಮುಗಿದ ಕೂಡಲೇ ಕಂಪ್ಯೂಟರಿನಲ್ಲಿ ಅಂಬಣ್ಣನ ಚಿತ್ರಗಳನ್ನು ತೆಗೆದೆ.

ತಲೆಯನ್ನು ಮೂಗಿನ ನೇರಕ್ಕೆ ಎರಡು ಹೋಳು ಮಾಡಿ ಪಕ್ಕದಿಂದ ನೋಡಿದಂತೆ ಆ ಚಿತ್ರ ಇರುತ್ತದೆ. ನಾಲಗೆ ಬೂದುಬಣ್ಣದ ದೊಡ್ಡ ಗುಡ್ಡೆ. ಅದರ ಹಿಂದೆ ಮೂಗಿನಿಂದ ಎದೆಯ ಕಡೆಗೆ ಇಳಿಯುವ ಕಪ್ಪು ಪಟ್ಟಿಯೇ ಗಾಳಿಯ ದಾರಿ. ರಿಪೋರ್ಟ್ ಬರೆಯುವ ನಮ್ಮ ಡಾಕ್ಟರಿಗೆ ಕೊಟ್ಟ ಚಿತ್ರಗಳಲ್ಲಿ ಆ ಪಟ್ಟಿ ಮೇಲಿಂದ ಕೆಳಗಿನವರೆಗೆ ಸ್ವಚ್ಛವಾಗಿತ್ತು. ಆಮೇಲೆ ನಾನು ಕೆಟ್ಟಿವೆ ಎಂದು ಪಕ್ಕಕ್ಕಿಟ್ಟಿದ್ದ ಚಿತ್ರಗಳನ್ನು ನೋಡಿದೆ. ಗೊರಕೆ ಶುರುವಾಗಿ, ನಾನು ಮೈಕಿನಲ್ಲಿ ಕೂಗುವ ಮುಂಚೆ ಬಂದವು. ಎಲ್ಲವೂ ಮಸುಕು. ಆದರೆ ಒಂದರಲ್ಲಿ ಮಸುಕಿನ ನಡುವೆಯೂ ಕಪ್ಪು ಪಟ್ಟಿ ನಾಲಗೆಯ ಬುಡದ ಹತ್ತಿರ ತುಂಡಾಗಿತ್ತು. ನಾನು ಅದನ್ನು ಡಾಕ್ಟರಿಗೆ ತೋರಿಸಿರಲಿಲ್ಲ. ಮಸುಕಾದದ್ದನ್ನು ತೋರಿಸುವ ಪದ್ಧತಿ ಇರಲಿಲ್ಲ.

ನಮ್ಮ ರೇಡಿಯಾಲಜಿಸ್ಟ್ ಡಾಕ್ಟರ್ ವೆಂಕಟಾಚಲ ಆಗ ಕಾಫಿ ಕುಡಿಯುತ್ತಿದ್ದರು. ಅವರನ್ನು ಲೋಟದ ಸಮೇತ ಕರೆತಂದು ತೋರಿಸಿದೆ.

"ಇದು ಅಲುಗಿರೋದು ಕಣಮ್ಮ ನಾಗರತ್ನಾ. ಇದ್ರ ಮೇಲೆ ಏನೂ ಹೇಳೋಕಾಗಲ್ಲ."

"ಹೇಳೋಕಾಗಲ್ಲ ಸರ್. ಅದಕ್ಕೇ ಇನ್ನೊಂದ್ಸಲ ತೆಗೀಬೇಕು. ನಿದ್ದೆಯಲ್ಲಿ."

"ನಿದ್ದೆಯಲ್ಲಿಯಾ?" ಅವರು ಲೋಟ ಕೆಳಗಿಟ್ಟರು. "ಎಲ್ಲೋ ಹೊರದೇಶದಲ್ಲಿ ಪ್ರಯೋಗಕ್ಕೆ ಮಾಡ್ತಾರೆ, ಓದಿದೀನಿ. ನಮ್ಮ ಮಶೀನಲ್ಲಿ ಒಂದು ಸೆಟ್ಟು ಬರೋಕೆ ನಾಲ್ಕು ನಿಮಿಷ. ಅಷ್ಟರಲ್ಲಿ ಅವನು ನಾಲ್ಕು ಸಲ ಹೊರಳಿರ್ತಾನೆ."

"ಪೂರ್ತಿ ಸೆಟ್ಟು ಬೇಡ ಸರ್. ಹೃದಯ ಬಡಿಯೋದನ್ನ ನೋಡೋಕೆ ಹಾಕ್ತೀವಲ್ಲ, ಆ ವೇಗದ್ದು ಹಾಕೋಣ. ನಡುಮಧ್ಯದ ಒಂದೇ ಸೀಳು. ಸೆಕೆಂಡಿಗೆ ಒಂದು ಚಿತ್ರ. ಅಷ್ಟು ಚೆನ್ನಾಗಿ ಬರಲ್ಲ, ಆದ್ರೆ ಪಟ್ಟಿ ಮುಚ್ಚುತ್ತೋ ಇಲ್ವೋ ಗೊತ್ತಾಗುತ್ತೆ."

ಬಾಗಿಲ ಬೀಗ ಹಾಕಿದ್ದೇನೋ ಇಲ್ಲವೋ ಎಂದು ಮೂರು ಸಲ ಹಿಂದಿರುಗಿ ನೋಡುವವಳೆಂದು ಸೆಂಟರಿನಲ್ಲಿ ಎಲ್ಲರೂ ನನ್ನನ್ನು ಗೇಲಿ ಮಾಡುತ್ತಿದ್ದರು. ಇಂಥವಳ ಬಾಯಲ್ಲಿ ಈ ಮಾತೇ ಎಂದು ಡಾಕ್ಟರಿಗೆ ಅನ್ನಿಸಿರಬೇಕು.

"ಉಸಿರು ನಿಂತ್ರೆ ಏನ್ ಮಾಡ್ತೀಯ? ನೀನೇ ಮೊದಲು ಓಡಿಹೋಗ್ತೀಯ."

"ಮನೇಲಿ ದಿನಾ ನಿಲ್ತಿದೆ ಸರ್. ಅಲ್ಲಿ ಡಾಕ್ಟರೂ ಇಲ್ಲ, ಆಮ್ಲಜನಕ ಅಳೆಯೋ ಕ್ಲಿಪ್ಪೂ ಇಲ್ಲ. ಶಂಶುನ್ನೀಸಾ ಮೇಡಂನ ನಾನು ಕೇಳ್ತೀನಿ. ಅವರು ಬಂದು ನಿಂತ್ರೆ ಮಾಡೋಣ. ಬರಲ್ಲ ಅಂದ್ರೆ ಬೇಡ."

"ಭಾನುವಾರ ಮಧ್ಯಾಹ್ನ" ಎಂದರು ಅವರು. "ಬೇರೆ ದಿನ ಮಶೀನು ಖಾಲಿ ಇರಲ್ಲ. ಒಂದೇ ಸಲ. ಆಗ್ಲಿಲ್ಲ ಅಂದ್ರೆ ಬಿಟ್ಬಿಡಬೇಕು."

ಶಂಶುನ್ನೀಸಾ ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ನೀವೇ ಎಬ್ಬಿಸಿದ್ದಾ?" ಹೌದು ಎಂದೆ. ಬರುತ್ತೇನೆ ಎಂದರು.

ಭಾನುವಾರ ಎರಡು ಗಂಟೆಗೆ ಗಂಡ ಹೆಂಡತಿ ಬಂದರು. ಮಧ್ಯಾಹ್ನ ಊಟ ಮಾಡಿಸಿ ಕರೆದುಕೊಂಡು ಬನ್ನಿ ಎಂದು ನಾನೇ ಹೇಳಿದ್ದೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಮೇಲೆ ಮಜ್ಜಿಗೆ ಎಂದು ಭೀಮಬಾಯಿ ಲೆಕ್ಕ ಒಪ್ಪಿಸಿದರು. ಅಂಬಣ್ಣ ಕುತ್ತಿಗೆ ಮೋಟಾದ, ಮೆದುಮಾತಿನ ಮನುಷ್ಯ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮೈಯಿಂದ ನೋವಿನ ಮುಲಾಮಿನ ಘಾಟು. ನೆಗಡಿಯಾಗಿರಬೇಕೆಂದುಕೊಂಡೆ. ಶಂಶುನ್ನೀಸಾ ಅವನ ಬಾಯಿಗೆ ಮೂಗು ಹತ್ತಿರ ತಂದು ಮೂಸಿ, ಕುಡಿದಿಲ್ಲ ಎಂದು ತಮ್ಮ ಚೀಟಿಯಲ್ಲಿ ಸಮಯದ ಸಮೇತ ಬರೆದುಕೊಂಡರು. ಅವನ ಬೆರಳಿಗೆ ಕ್ಲಿಪ್ ಹಾಕಿ, ಪಾದ ಹೊರಗಿರುವಂತೆ ಯಂತ್ರದೊಳಗೆ ತಳ್ಳಿದೆ.

ಹತ್ತು ನಿಮಿಷ. ಇಪ್ಪತ್ತು ನಿಮಿಷ. ಪರದೆಯ ಮೇಲೆ ಕಪ್ಪು ಪಟ್ಟಿ ಅಲ್ಲಾಡದೆ ನಿಂತಿತ್ತು. ಆಮ್ಲಜನಕ ತೊಂಬತ್ತೇಳು. ವೆಂಕಟಾಚಲ ಎರಡು ಸಲ ಗಡಿಯಾರ ನೋಡಿದರು. ಕೊನೆಗೆ ಯಂತ್ರ ನಿಲ್ಲಿಸಿ ಒಳಗೆ ಹೋದೆ. ಅಂಬಣ್ಣ ಕಣ್ಣನ್ನು ಅಗಲವಾಗಿ ತೆರೆದು ಮೇಲೆ ನೋಡುತ್ತಿದ್ದ. ನೀರು ಎರಡೂ ಕಿವಿಯ ಕಡೆ ಹರಿದಿತ್ತು.

"ಏನಾಯ್ತು ಅಂಬಣ್ಣ? ಕಣ್ಣು ಉರೀತಿದೆಯಾ?"

"ಉರೀಲಿ ಬಿಡ್ರಿ ಮೇಡಂ. ಮಕ್ಕೊಂಡಿಲ್ಲ ನೋಡ್ರಿ. ಈ ಸಲ ಪಾಸಾಗ್ತೀನಿ."

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಬುಧವಾರ ಹನ್ನೊಂದು ಸಲ ನಾನು ಅವನನ್ನು ಗದರಿಸಿದ್ದೆ. ನಿದ್ದೆ ಮಾಡುತ್ತಾನೋ ಇಲ್ಲವೋ ಎಂದು ಕಂಪನಿಯವರೇ ಇಲ್ಲಿಗೆ ಕಳಿಸಿ ಪರೀಕ್ಷೆ ಮಾಡಿಸುತ್ತಿದ್ದಾರೆ, ಹನ್ನೊಂದು ಸಲ ಸಿಕ್ಕಿಬಿದ್ದದ್ದಕ್ಕೇ ನೋಟಿಸು ಬಂತು ಎಂದು ಅವನು ನಂಬಿದ್ದ. ಈ ಸಲ ಗೆಲ್ಲಬೇಕೆಂದು ರೆಪ್ಪೆಗೆ ಮುಲಾಮು ತಿಕ್ಕಿಕೊಂಡು ಬಂದಿದ್ದ.

ಬಾಗಿಲ ಹೊರಗಿದ್ದ ಭೀಮಬಾಯಿ ಹಣೆ ಚಚ್ಚಿಕೊಂಡರು. "ನಾ ಹೇಳಿಲ್ಲೇನ್ರಿ ನಿಮಗ? ಮಕ್ಕೊಳ್ಳಾಕ ಕರದಾರ ಅಂತ?"

"ಹೇಳಿದಿ. ನಿನಗೇನ್ ಗೊತ್ತು ಕಂಪನಿಯವ್ರ ಆಟ? ಮಕ್ಕೋ ಅಂತ ಯಾವ ಕಂಪನ್ಯಾಗ ಅಂತಾರ?"

ಬಾಗಿಲಲ್ಲಿ ನಿಂತಿದ್ದ ಶಂಶುನ್ನೀಸಾ ನಕ್ಕುಬಿಟ್ಟರು. "ವಾಹ್ ಅಂಬಣ್ಣ! ಕ್ರೇನ್ ಮೇಲೆ ನಿದ್ದೆ ಬರುತ್ತೆ, ಹಾಸಿಗೆ ಹಾಕಿ ಮಲಗು ಅಂದ್ರೆ ಬರಲ್ವಾ?"

ಅವನ ಕಣ್ಣನ್ನು ತಣ್ಣೀರಿನಲ್ಲಿ ತೊಳೆಸಿದೆವು. ನಿದ್ದೆಯ ಔಷಧಿ ಕೊಟ್ಟು ಮಾಡಿಬಿಡೋಣ ಎಂದು ವೆಂಕಟಾಚಲ ಅಂದರು. ಶಂಶುನ್ನೀಸಾ ತಲೆ ಅಲ್ಲಾಡಿಸಿದರು. "ಬೇಡ ಸರ್. ಔಷಧಿಗೆ ಗಂಟಲು ತಾನಾಗೇ ಸಡಿಲ ಆಗುತ್ತೆ. ನಾಳೆ ಆ ಕಂಪನಿಯವರು, ನೀವೇ ಮತ್ತಿನ ಔಷಧಿ ಕೊಟ್ಟು ಮುಚ್ಚಿಸಿದ್ರಿ ಅಂತಾರೆ. ಅವನ ನಿದ್ದೆಯೇ ಬೇಕು."

ನಾನು ಅಂಬಣ್ಣನ ಪಕ್ಕ ಕೂತೆ. ಮಾತನ್ನು ತೂಗಿ ಆಡುವುದು ನನ್ನ ಅಭ್ಯಾಸ. ಆವತ್ತು ಇನ್ನೂ ಜಾಸ್ತಿ ತೂಗಿದೆ. ತಪ್ಪು ಮಾತು ಬಿದ್ದರೆ ಅವನು ಮತ್ತೆ ಕಣ್ಣು ಮುಚ್ಚುವುದಿಲ್ಲ.

"ಅಂಬಣ್ಣ, ಬುಧವಾರ ತಪ್ಪು ಮಾಡಿದ್ದು ನೀವಲ್ಲ, ನಾನು. ನಿಮ್ಮ ಕಾಯಿಲೆ ನಿದ್ದೆಯಲ್ಲಿ ಇರೋದು. ನಾನು ನಿಮ್ಮನ್ನ ನಿದ್ದೆ ಮಾಡೋಕೇ ಬಿಡಲಿಲ್ಲ. ಅದಕ್ಕೇ ರಿಪೋರ್ಟಲ್ಲಿ ಏನೂ ಇಲ್ಲ ಅಂತ ಬಂತು. ಇವತ್ತು ನೀವು ಎಚ್ಚರ ಇದ್ರೆ ಮತ್ತೆ ಹಾಗೇ ಬರುತ್ತೆ. ಕೆಲಸ ಹೋಗುತ್ತೆ."

ಅವನು ಹೆಂಡತಿಯ ಮುಖ ನೋಡಿದ.

"ಇವತ್ತ ಮಕ್ಕೊಳ್ಳೋದೇ ನಿಮ್ಮ ಡ್ಯೂಟಿ" ಎಂದರು ಭೀಮಬಾಯಿ. "ನಾ ಇಲ್ಲೇ ಕಾಲಬಲ್ಲಿ ಕುಂದರ್ತೀನಿ."

ಯಂತ್ರವೇ ದೊಡ್ಡ ಅಯಸ್ಕಾಂತ, ಆ ಕೋಣೆಗೆ ಕಬ್ಬಿಣ ತರುವಂತಿಲ್ಲ. ಭೀಮಬಾಯಿಯ ತಾಳಿಯ ಸರದಿಂದ ಏಳು ಪಿನ್ನು, ತಲೆಯಿಂದ ನಾಲ್ಕು ಕ್ಲಿಪ್ಪು ತೆಗೆಸಿ ತಟ್ಟೆಯಲ್ಲಿಟ್ಟೆ. ಮತ್ತೊಮ್ಮೆ ಸೆರಗು ಕೊಡವಿಸಿ ನೋಡಿದೆ. ಕಿವಿಗೆ ಹತ್ತಿ ತುರುಕಿಕೊಂಡು ಅವರು ಗಂಡನ ಪಾದದ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತರು.

"ಒಂದು ಮಾತು. ಉಸಿರು ನಿಂತರೂ ಅವರನ್ನ ಮುಟ್ಟಬಾರದು."

"ಹೆಂಗ್ರಿ ಅಕ್ಕಾರ? ಹದಿನಾಲ್ಕು ವರ್ಷ ಆತು, ಉಸುರು ನಿಂತ್ರ ಕಾಲಿನ ಹೆಬ್ಬೆರಳು ಹಿಂಡತೀನಿ. ಅದಕ್ಕೇ ಬದುಕ್ಯಾರ."

"ಇವತ್ತೊಂದು ದಿನ. ಅಲ್ಲಿ ಡಾಕ್ಟರಮ್ಮ ನಂಬರು ನೋಡ್ತಿರ್ತಾರೆ. ಎಪ್ಪತ್ತೈದಕ್ಕಿಂತ ಇಳಿದ್ರೆ ಅವರೇ ಎಬ್ಬಿಸ್ತಾರೆ. ನೀವೂ ಎಬ್ಬಿಸಬೇಡಿ, ನಾನೂ ಎಬ್ಬಿಸಲ್ಲ."

ಅವರು ಒಪ್ಪಿದರೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ. ಗಾಜಿನ ಈಚೆ ಬಂದು ಮೈಕ್ ಒತ್ತಿದೆ. "ನಿದ್ದೆ ಮಾಡಿ ಅಂಬಣ್ಣ. ಯಾರೂ ಏನೂ ಅನ್ನಲ್ಲ." ಆರು ವರ್ಷದಲ್ಲಿ ಆ ಮೈಕಿನಲ್ಲಿ ಈ ಮಾತು ಆಡಿದ್ದು ಅದೇ ಮೊದಲು. ನಾಲಗೆ ಸ್ವಲ್ಪ ತೊಡರಿತು.

ಯಂತ್ರ ದಡದಡ ಬಡಿಯತೊಡಗಿತು. ಇಷ್ಟು ಸದ್ದಿನಲ್ಲಿ ಯಾರಿಗೆ ನಿದ್ದೆ ಬರುತ್ತದೆ ಎಂದು ವೆಂಕಟಾಚಲ ಗೊಣಗಿದರು. ತಗಡಿನ ಸದ್ದಿನ ನಡುವೆಯೇ ದುಡಿದವನಿಗೆ ಅದು ಅಡ್ಡಿಯಾಗಲಿಲ್ಲ. ಆರನೆಯ ನಿಮಿಷಕ್ಕೆ ಅವನ ಪಾದಗಳು ಹೊರಕ್ಕೆ ವಾಲಿದವು.

ಮೊದಲು ಕಂಡದ್ದು ಕಿರುನಾಲಗೆಯ ಕಡೆಯ ಮೆತ್ತನೆಯ ಅಂಗುಳ. ಗಾಳಿಗೆ ಸಿಕ್ಕ ಪರದೆಯಂತೆ ಅದು ಅದುರಿತು. ಹೊರಗೆ ಕೇಳುವ ಗೊರಕೆ ಒಳಗೆ ಹೀಗೆ ಕಾಣುತ್ತದೆ ಎಂದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಆಮೇಲೆ ಬೂದು ಗುಡ್ಡೆ ನಿಧಾನಕ್ಕೆ ಹಿಂದಕ್ಕೆ ಜಾರಿತು. ಚಿತ್ರದಿಂದ ಚಿತ್ರಕ್ಕೆ ಕಪ್ಪು ಪಟ್ಟಿ ತೆಳ್ಳಗಾಗಿ ದಾರದಷ್ಟಾಯಿತು. ಮುಂದಿನ ಚಿತ್ರದಲ್ಲಿ ಅದು ಇರಲಿಲ್ಲ.

ನನ್ನ ಎಡಗೈ ತಾನಾಗಿ ಮೈಕಿನ ಗುಂಡಿಯ ಕಡೆ ಹೋಯಿತು. ಅದನ್ನು ಎಳೆದು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಹತ್ತು ಸೆಕೆಂಡು. ಹದಿನೈದು. ಅಂಬಣ್ಣನ ಹೊಟ್ಟೆ ಏಳುತ್ತಿತ್ತು, ಇಳಿಯುತ್ತಿತ್ತು. ಗಾಳಿ ಮಾತ್ರ ಹೋಗುತ್ತಿರಲಿಲ್ಲ. ಗಾಜಿನ ಆಚೆ ಭೀಮಬಾಯಿಗೆ ಪರದೆ ಕಾಣುತ್ತಿರಲಿಲ್ಲ, ಆದರೆ ಅವರಿಗೆ ಆ ಹೊಟ್ಟೆಯ ಏರಿಳಿತವೇ ಸಾಕಾಗಿತ್ತು. ಅವರ ಕೈ ಗಂಡನ ಹೆಬ್ಬೆರಳ ಹತ್ತಿರ ಬಂತು. ತಲೆ ಎತ್ತಿ ನನ್ನನ್ನು ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ. ಇಪ್ಪತ್ತು. ಶಂಶುನ್ನೀಸಾ ಮೆಲ್ಲಗೆ ಓದುತ್ತಿದ್ದರು: ತೊಂಬತ್ತೊಂದು, ಎಂಬತ್ತೆಂಟು. ಭೀಮಬಾಯಿ ಕೈ ಹಿಂದೆಗೆದು ಸೆರಗನ್ನು ಮುಷ್ಟಿಯಲ್ಲಿ ಹಿಡಿದು ಬಾಯಿಗೆ ಒತ್ತಿಕೊಂಡರು. ಮೂವತ್ತು. ಎಂಬತ್ತಮೂರು. ಇನ್ನೊಂದು ಸೆಕೆಂಡು ಆದರೆ ಕೂಗಿಬಿಡುತ್ತೇನೆ ಎಂದುಕೊಂಡೆ. ಕೂಗಲಿಲ್ಲ. ಮೂವತ್ತಾರನೆಯ ಸೆಕೆಂಡಿಗೆ ಅವನ ಇಡೀ ಮೈ ಜಗ್ಗಿತು. ಚಿತ್ರ ಅಲುಗಿ, ನಾಲಗೆ ಮುಂದಕ್ಕೆ ಬಂತು, ಕಪ್ಪು ಪಟ್ಟಿ ಮತ್ತೆ ತೆರೆಯಿತು. ಯಂತ್ರದ ಬಡಿತದ ನಡುವೆಯೂ ಆ ಉಸಿರಿನ ಸದ್ದು ಸ್ಪೀಕರಿನಲ್ಲಿ ಕೇಳಿತು.

ಒಂದು ನಿಮಿಷವೂ ಆಗಲಿಲ್ಲ, ಗುಡ್ಡೆ ಮತ್ತೆ ಜಾರತೊಡಗಿತು.

ಇಪ್ಪತ್ತು ನಿಮಿಷ ಹಾಗೆ ಕೂತೆವು. ಯಾರೂ ಯಾರನ್ನೂ ಎಬ್ಬಿಸಲಿಲ್ಲ. ವೆಂಕಟಾಚಲ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡವರು ಮತ್ತೆ ಗಡಿಯಾರ ನೋಡಲಿಲ್ಲ.

"ಯಾ ಅಲ್ಲಾ" ಎಂದರು ಶಂಶುನ್ನೀಸಾ. "ನಾನು ಟಾನ್ಸಿಲ್ ಅಂದ್ಕೊಂಡಿದ್ದೆ. ಮುಚ್ಚೋದು ಅಲ್ಲಿ ಅಲ್ಲ, ನಾಲಗೆ ಬುಡದಲ್ಲಿ. ಟಾನ್ಸಿಲ್ ಕತ್ತರಿಸಿದ್ರೂ ಇವನಿಗೆ ಏನೂ ಆಗ್ತಿರಲಿಲ್ಲ. ಇದಕ್ಕೆ ನಿದ್ದೆಯಲ್ಲಿ ಗಾಳಿ ಒತ್ತೋ ಮಾಸ್ಕ್ ಬೇಕು."

ವೆಂಕಟಾಚಲ ಅಲ್ಲೇ ಹೊಸ ರಿಪೋರ್ಟ್ ಬರೆಯಲು ಕೂತರು. ಬರೆದದ್ದನ್ನು ನಾನು ಅವರ ಹೆಗಲ ಮೇಲಿಂದ ಓದಿದೆ.

"ಸರ್, ಹಳೇ ರಿಪೋರ್ಟಿನ ವಿಷಯ ಇಲ್ಲ."

"ಹೊಸದು ಬಂತಲ್ಲ, ಹಳೇದು ಯಾಕೆ?"

"ಹಳೇದು ಅವರ ಫೈಲಲ್ಲಿದೆ ಸರ್. ಎರಡೂ ಇಟ್ಕೊಂಡು ಅವರಿಗೆ ಬೇಕಾದ್ದನ್ನ ಓದ್ತಾರೆ. ಅದು ಎಚ್ಚರದಲ್ಲಿ ತೆಗೆದಿದ್ದು, ರೋಗಿ ನಿದ್ದೆಹೋದಾಗೆಲ್ಲ ನಾವು ಎಬ್ಬಿಸಿದ್ವಿ, ಅದಕ್ಕೇ ಅಡ್ಡಿ ಕಾಣಲಿಲ್ಲ ಅಂತ ಬರೀಬೇಕು."

"ಯಾರು ಎಬ್ಬಿಸಿದ್ದು ಅಂತ ಕೇಳ್ತಾರೆ. ನಿನ್ನ ಹೆಸರು ಬರುತ್ತೆ ಕಣಮ್ಮ."

"ಬರಲಿ ಸರ್."

ಅವರು ಪೆನ್ನಿನ ಕ್ಯಾಪು ಹಾಕಿ, ತೆಗೆದು, ಮತ್ತೆ ಹಾಕಿದರು. ಆಮೇಲೆ, "ಅದ್ರ ಕೆಳಗೆ ಸಹಿ ನನ್ನದೂ ಇದೆ" ಎಂದು ಹೇಳಿ, ನಾನು ಹೇಳಿದ್ದನ್ನೆಲ್ಲ ಬರೆದು, ಮೊದಲ ವರದಿಯನ್ನು ಹಿಂದಕ್ಕೆ ಪಡೆಯಲಾಗಿದೆ ಎಂಬ ಸಾಲನ್ನು ತಾವೇ ಸೇರಿಸಿದರು.

ಮಂಗಳವಾರ ಬೆಳಿಗ್ಗೆ ಅರ್ಧ ದಿನ ರಜೆ ಹಾಕಿ ಅವರಿಬ್ಬರ ಜೊತೆ ಗರುಡಾಚಾರ್‌ಪಾಳ್ಯಕ್ಕೆ ಹೋದೆ. ಕಾಗದ ಕೊಟ್ಟು ಕಳಿಸಿದ್ದರೆ ಸಾಕಿತ್ತೇನೋ. ನನಗೆ ಧೈರ್ಯ ಬರಲಿಲ್ಲ. ಕಾರ್ಖಾನೆಯ ಸಿಬ್ಬಂದಿ ಅಧಿಕಾರಿ ಲಕ್ಷ್ಮಿಕಾಂತ ಎಂಬವರು ಎರಡೂ ರಿಪೋರ್ಟನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿದರು.

"ಬುಧವಾರ ಇಲ್ಲ, ಭಾನುವಾರ ಇದೆ. ಚೆನ್ನಾಗಿದೆ. ಎಬ್ಬಿಸಿದ್ದು ಯಾರು?"

"ನಾನು."

"ಕುಡಿದು ಮಲಗಿದ್ರೂ ಗಂಟಲು ಹೀಗೇ ಮುಚ್ಚುತ್ತಂತಲ್ಲ?"

ಅವರು ಬುದ್ಧಿವಂತರು. ಹೌದು, ಕುಡಿದರೆ ಇನ್ನೂ ಜಾಸ್ತಿ ಮುಚ್ಚುತ್ತದೆ ಎಂದೆ. ಭೀಮಬಾಯಿ ನನ್ನ ಕಡೆ ಥಟ್ಟನೆ ತಿರುಗಿದರು. ನಾನು ಶಂಶುನ್ನೀಸಾ ಅವರ ಚೀಟಿಯನ್ನು ಮುಂದಿಟ್ಟೆ. "ಅದಕ್ಕೇ ಯಂತ್ರಕ್ಕೆ ಹಾಕೋ ಮುಂಚೆ ಡಾಕ್ಟರು ಪರೀಕ್ಷೆ ಮಾಡಿದ್ದಾರೆ. ಸಮಯ ಬರೆದಿದೆ. ನಿದ್ದೆ ಔಷಧಿನೂ ಕೊಟ್ಟಿಲ್ಲ." ಆಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಒಂದೇ ಹಾಳೆಯಲ್ಲಿ, ಎರಡು ಸೆಕೆಂಡಿಗೊಂದರಂತೆ ಆಯ್ದ ಇಪ್ಪತ್ತು ಪುಟ್ಟ ಚಿತ್ರ. "ಇದು ಗಾಳಿಯ ದಾರಿ. ಇಲ್ಲಿಂದ ಇಲ್ಲಿವರೆಗೆ, ಮೂವತ್ತಾರು ಸೆಕೆಂಡು, ದಾರಿ ಇಲ್ಲ. ನೀವೂ ಒಂದ್ಸಲ ಉಸಿರು ಹಿಡಿದು ನೋಡಿ ಸರ್."

ಅವರು ಹಿಡಿದು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ. ಫಿಲ್ಮನ್ನು ಮಾತ್ರ ಬಹಳ ಹೊತ್ತು ನೋಡಿದರು. ಅಂಬಣ್ಣ ಅವರ ಹಿಂದಿನಿಂದ ಬಗ್ಗಿ, "ಇದು ನನ್ನ ನಾಲಗಿ ಏನ್ರಿ? ಇಷ್ಟು ದೊಡ್ಡದಾ?" ಎಂದ. "ಮಾತಾಡೋದು ನೋಡಿದ್ರ ಗೊತ್ತಾಗಲ್ಲ ನೋಡ್ರಿ" ಎಂದರು ಭೀಮಬಾಯಿ. ಲಕ್ಷ್ಮಿಕಾಂತ ಕೆಮ್ಮಿದಂತೆ ಮಾಡಿ ನಗು ನುಂಗಿಕೊಂಡರು.

ಅರ್ಧ ಗಂಟೆ ನಮ್ಮನ್ನು ಹೊರಗೆ ಕೂರಿಸಿ, ಕಾರ್ಖಾನೆಯ ವೈದ್ಯರ ಜೊತೆ ಮಾತಾಡಿ, ಕೊನೆಗೆ ಒಂದು ಕಾಗದ ಕೊಟ್ಟರು. ಕೆಲಸದಿಂದ ತೆಗೆಯುವ ನೋಟಿಸು ರದ್ದು. ಕಾರಣ ಅನಾರೋಗ್ಯ. ಚಿಕಿತ್ಸೆ ಮುಗಿದು ವೈದ್ಯರು ಬರೆದುಕೊಡುವವರೆಗೆ ಕ್ರೇನ್ ಹತ್ತುವಂತಿಲ್ಲ, ಸ್ಟೋರ್ಸಿನಲ್ಲಿ ಕೆಲಸ.

ಗೇಟಿನ ಹೊರಗೆ ಬಂದ ಮೇಲೆ ಅಂಬಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡ. ಮುಖ ಅರಳಿರಲಿಲ್ಲ.

"ಸ್ಟೋರ್ಸ್‌ನ್ಯಾಗ ನಟ್ಟು ಬೋಲ್ಟು ಎಣಿಸೋದ್ರಿ ಮೇಡಂ. ಕ್ರೇನು ನನ್ನಂಗ ಓಡಿಸಾವ್ರು ಇಲ್ಲಿಲ್ಲ. ಮತ್ತ ಮ್ಯಾಲ ಯಾವಾಗ ಹತ್ತಬಹುದು?"

ಬೇಗ ಹತ್ತುತ್ತೀರಿ ಎಂದುಬಿಡುವುದು ಸುಲಭವಾಗಿತ್ತು. ಆದರೆ ತೂಗುವ ಕಟ್ಟಿನ ಕೆಳಗೆ ಇನ್ನೊಂದು ದಿನ ಯಾರಾದರೂ ನಿಂತಿರಬಹುದು.

"ನನಗೆ ಗೊತ್ತಿಲ್ಲ ಅಂಬಣ್ಣ. ಮಾಸ್ಕ್ ಹಾಕ್ಕೊಂಡು ನೀವು ತಿಂಗಳುಗಟ್ಟಲೆ ಸರಿಯಾಗಿ ನಿದ್ದೆ ಮಾಡಬೇಕು. ಆಮೇಲೆ ಮಾಸ್ಕ್ ಸಮೇತ ಮತ್ತೆ ನೋಡಬೇಕು, ದಾರಿ ತೆರೆದಿರುತ್ತಾ ಅಂತ. ತೆರೆದಿದ್ರೆ ನಾನೇ ಬಂದು ಹೇಳ್ತೀನಿ. ಮುಚ್ಚಿದ್ರೂ ಬಂದು ಹೇಳ್ತೀನಿ."

ಅವನು ಯೋಚಿಸಿ ತಲೆಯಾಡಿಸಿದ.

"ಆ ಮಾಸ್ಕ್ ಎಲ್ಲಿ ಕೊಡ್ತಾರ್ರಿ?" ಎಂದು ಕೇಳಿದವರು ಭೀಮಬಾಯಿ. ಶಂಶುನ್ನೀಸಾ ಅವರ ಆಸ್ಪತ್ರೆಯಲ್ಲಿ ಒಂದಿದೆ, ಮೊದಲು ಅದನ್ನು ಹಾಕಿ ನೋಡುತ್ತಾರೆ, ನಾಳೆ ಹತ್ತು ಗಂಟೆಗೆ ಬರಲು ಹೇಳಿದ್ದಾರೆ ಎಂದೆ.

"ನಾಳಿ ಯಾಕ್ರಿ? ಇವತ್ತೇ ಹೋಗ್ತೀವಿ. ಬಾಗಲ ಮುಂದ ಕುಂತ್ರ ಇವತ್ತೇ ನೋಡ್ತಾರ."

ಶಿವಾಜಿನಗರದ ಬಸ್ಸು ಬರುತ್ತಿತ್ತು. ಅವರು ಗಂಡನ ತೋಳು ಹಿಡಿದು ರಸ್ತೆ ದಾಟಿಸಿಯೇಬಿಟ್ಟರು.